ಮಕ್ಕಳಿಗೆ ಫ್ರಾಕು, ಟೋಪಿ ಹೊಲಿಯೋಣ; ಒಳಗೆ ಒಂದು ಮಾತನ್ನೂ ಇಡೋಣ

ಮೂರು ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಹೊಲಿಗೆ ಈಗಷ್ಟೇ ಕಲಿತಿದ್ದೇನೆ, ಮಕ್ಕಳ ಬಟ್ಟೆಯಲ್ಲಿ ಯಾವುದರಿಂದ ಶುರು ಮಾಡಲಿ? ಟೋಪಿಯ ಲೆಕ್ಕ ಹಾಕುವುದು ಹೇಗೆ? ಬಟ್ಟೆಯ ಜೊತೆಗೆ ಪ್ರಾರ್ಥನೆಯ ಮಾತೊಂದನ್ನು, ಧೈರ್ಯದ ಮಾತೊಂದನ್ನು ಕೊಡುವ ಆಸೆಯಿದೆ, ಅದು ಹೇಗೆ? ಮೂರಕ್ಕೂ ಇಲ್ಲಿ ಒಟ್ಟಿಗೇ ಉತ್ತರ ಕೊಡುತ್ತೇನೆ. ಉದಾಹರಣೆಗೆ ಎರಡು ವರ್ಷದ ಮಗುವಿನ ಒಂದು ಫ್ರಾಕು, ಒಂದು ಬಿಸಿಲು ಟೋಪಿ ಇಟ್ಟುಕೊಳ್ಳೋಣ.

ನಾನು ಬೈಬಲ್ ಓದಿಕೊಂಡು ಬೆಳೆದವಳು, ಹಾಗಾಗಿ ಅಲ್ಲಿನ ಒಂದೆರಡು ಮಾತು ಬರುತ್ತವೆ. ನಿಮ್ಮ ನಂಬಿಕೆ ಬೇರೆಯಾದರೆ ಮಾತುಗಳನ್ನು ಬದಲಿಸಿಕೊಳ್ಳಿ. ಕತ್ತರಿ, ಟೇಪು ಎಲ್ಲರಿಗೂ ಒಂದೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೊಲಿಗೆ ಸರಿಯಿರಬೇಕು. ಕಂಕುಳಲ್ಲಿ ಚುಚ್ಚುವ ಫ್ರಾಕಿನ ಮೇಲೆ ಎಷ್ಟು ಒಳ್ಳೆಯ ವಚನ ಬರೆದರೂ ಮಗು ಅದನ್ನು ಕಿತ್ತೆಸೆಯುತ್ತದೆ.

ಏನೇನು ಬೇಕು

ಫ್ರಾಕಿಗೆ 110 ಸೆಂ.ಮೀ. ಅಗಲದ ಕಾಟನ್ ಬಟ್ಟೆ ಒಂದೂಕಾಲು ಮೀಟರ್. ಪಾಪ್ಲಿನ್ ಅಥವಾ ಕೇಂಬ್ರಿಕ್ ಆದರೆ ಹೊಸಬರ ಕೈಗೂ ಜಾರುವುದಿಲ್ಲ. ಟೋಪಿಗೆ ಹೊರಬಟ್ಟೆ ಅರ್ಧ ಮೀಟರ್, ಒಳಗಿನ ಲೈನಿಂಗ್‌ಗೆ ಮೆತ್ತನೆಯ ಮಲ್ ಬಟ್ಟೆ 30 ಸೆಂ.ಮೀ. ಟೋಪಿಯ ಅಂಚು ಬಿರುಸಾಗಿ ನಿಲ್ಲಲು ಇಸ್ತ್ರಿಯಲ್ಲಿ ಅಂಟುವ ತೆಳು ಕ್ಯಾನ್ವಾಸ್ ಸ್ವಲ್ಪ. ತೆಳು ಕಾಟನ್‌ಗೆ 11 ನಂಬರ್ ಸೂಜಿ, ಸ್ವಲ್ಪ ದಪ್ಪ ಬಟ್ಟೆಗೆ 14. ಪಾಲಿಯೆಸ್ಟರ್ ದಾರ, ಗುಂಡುಪಿನ್ನು, ಚಾಕ್, ಟೇಪು, ಹೊಲಿಗೆ ಬಿಚ್ಚುವ ರಿಪ್ಪರ್, ಇಸ್ತ್ರಿ ಪೆಟ್ಟಿಗೆ. ಕಾಗದಕ್ಕೊಂದು ಕತ್ತರಿ, ಬಟ್ಟೆಗೊಂದು ಕತ್ತರಿ. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಅದರ ಹರಿತ ಹೋಗುತ್ತದೆ. ಮನೆಯವರಿಗೂ ಇದನ್ನು ಹೇಳಿಡಿ.

1. ಬಟ್ಟೆಯನ್ನು ಮೊದಲು ಒಗೆಯಿರಿ

ಕಾಟನ್ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ನೂರಕ್ಕೆ 3ರಿಂದ 5 ಪಾಲು ಕುಗ್ಗುವುದು ಸಾಮಾನ್ಯ. 50 ಸೆಂ.ಮೀ. ಸುತ್ತಳತೆಯ ಟೋಪಿಯಲ್ಲಿ ಅದು ಎರಡು ಸೆಂ.ಮೀ. ಹತ್ತಿರ ಬರುತ್ತದೆ. ಅಂದರೆ ನೀವು ಬಿಟ್ಟ ಲೂಸೆಲ್ಲ ಅಲ್ಲೇ ಮುಗಿಯಿತು. ಮುಂದೆ ಹೇಗೆ ಒಗೆಯುತ್ತಾರೋ ಹಾಗೆಯೇ ಈಗಲೂ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಲೈನಿಂಗ್ ಬಟ್ಟೆಯನ್ನೂ ಬಿಡಬೇಡಿ. ಹೊರಬಟ್ಟೆ ಮಾತ್ರ ಒಗೆದು ಲೈನಿಂಗ್ ಹಾಗೇ ಹಾಕಿದರೆ, ಆಮೇಲೆ ಲೈನಿಂಗ್ ಕುಗ್ಗಿ ಹೊರಬಟ್ಟೆ ಮುದುರಿಕೊಳ್ಳುತ್ತದೆ.

2. ಅಳತೆ: ಬೆಳೆಯುವ ಮಗುವಿಗೆ ಹೊಲಿಯುತ್ತಿದ್ದೀರಿ, ನೆನಪಿರಲಿ

ನಾಲ್ಕು ಅಳತೆ ಸಾಕು. ಎದೆ ಸುತ್ತಳತೆ, ಭುಜದಿಂದ ಸೊಂಟದವರೆಗಿನ ಉದ್ದ, ಸೊಂಟದಿಂದ ಮಂಡಿಯವರೆಗಿನ ಉದ್ದ, ತಲೆ ಸುತ್ತಳತೆ. ತಲೆಯ ಅಳತೆ ತೆಗೆಯುವಾಗ ಟೇಪು ಹುಬ್ಬಿನ ಸ್ವಲ್ಪ ಮೇಲಿನಿಂದ ಹೊರಟು, ಹಿಂದೆ ತಲೆ ಹೆಚ್ಚು ಉಬ್ಬಿರುವ ಕಡೆ ಹಾದು ಬರಬೇಕು.

ಮಗು ಕೈಗೆ ಸಿಗುವುದಿಲ್ಲ, ದೂರದಲ್ಲಿದೆ ಅಂತಾದರೆ? ಸರಾಸರಿ ತಲೆ ಸುತ್ತಳತೆ ಹೀಗಿರುತ್ತದೆ: ಹುಟ್ಟಿದಾಗ ಸುಮಾರು 35 ಸೆಂ.ಮೀ., ಆರು ತಿಂಗಳಿಗೆ 43, ಒಂದು ವರ್ಷಕ್ಕೆ 46, ಎರಡಕ್ಕೆ 48, ಐದಕ್ಕೆ 50ರಿಂದ 51. ಮೊದಲ ವರ್ಷ ಓಡುವ ತಲೆಯ ಬೆಳವಣಿಗೆ ಆಮೇಲೆ ಎಷ್ಟು ನಿಧಾನ ನೋಡಿ. ಆದ್ದರಿಂದ ಎರಡು ವರ್ಷದ ಮಗುವಿಗೆ ಹೊಲಿದ ಟೋಪಿ ಸ್ವಲ್ಪ ಲೂಸಿದ್ದರೆ ಎರಡು ವರ್ಷ ಬಾಳುತ್ತದೆ. ಆರು ತಿಂಗಳ ಕೂಸಿಗೆ ಹೊಲಿದದ್ದು ಮೂರು ತಿಂಗಳೂ ಬರುವುದು ಕಷ್ಟ. ಯಾವುದಕ್ಕೆ ಜಾಸ್ತಿ ಶ್ರಮ ಹಾಕಬೇಕು ಅಂತ ನೀವೇ ನಿರ್ಧರಿಸಿ.

ಎತ್ತರದ ಲೆಕ್ಕ ಬೇರೆ. ಎರಡು ವರ್ಷ ದಾಟಿದ ಮಗು ವರ್ಷಕ್ಕೆ ಸುಮಾರು 5ರಿಂದ 7 ಸೆಂ.ಮೀ. ಎತ್ತರ ಬೆಳೆಯುತ್ತದೆ. ಎದೆ ಅಷ್ಟು ಬೇಗ ಅಗಲವಾಗುವುದಿಲ್ಲ. ಹಾಗಾಗಿ ಫ್ರಾಕು ಮೊದಲು ಗಿಡ್ಡವಾಗುತ್ತದೆ, ಬಿಗಿಯಾಗುವುದು ಆಮೇಲೆ. ಪಕ್ಕದಲ್ಲಿ 2 ಸೆಂ.ಮೀ., ಕೆಳಗಿನ ಮಡಿಕೆಗೆ 8 ಸೆಂ.ಮೀ. ಬಟ್ಟೆ ಬಿಡಿ.

ಬೈಬಲಿನಲ್ಲಿ ಹನ್ನಳ ಕಥೆ ಗೊತ್ತಿರಬಹುದು. ಮಗ ಸಮುವೇಲನನ್ನು ದೇವಾಲಯದ ಸೇವೆಗೆ ಬಿಟ್ಟು ಬಂದವಳು ವರ್ಷಕ್ಕೊಂದು ಚಿಕ್ಕ ನಿಲುವಂಗಿ ಮಾಡಿ ತೆಗೆದುಕೊಂಡು ಹೋಗುತ್ತಿದ್ದಳು. ಕಣ್ಣೆದುರಿಗಿಲ್ಲದ ಮಗನ ಅಳತೆಯನ್ನು ಪ್ರತಿ ವರ್ಷ ಅಂದಾಜು ಮಾಡಬೇಕಿತ್ತಲ್ವಾ? ಆ ವಚನ ಓದಿದಾಗಲೆಲ್ಲ ನನಗೆ ಅವಳು ಎಷ್ಟು ಅಂಚು ಮಡಿಸಿರಬಹುದು ಅನ್ನುವ ಕುತೂಹಲವೇ ಮೊದಲು ಬರುತ್ತದೆ. ಮೊಮ್ಮಗು ದೂರದಲ್ಲಿರುವ ಅಜ್ಜಿಯರಿಗೆ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ.

3. ಕಾಗದದ ಕಟಿಂಗ್

ಪುಸ್ತಕದ ನಕ್ಷೆಗಿಂತ ಮಗುವಿಗೆ ಈಗ ಸರಿಯಾಗಿ ಕೂರುವ ಒಂದು ತೋಳಿಲ್ಲದ ಫ್ರಾಕೇ ಒಳ್ಳೆಯ ಗುರು. ಅದನ್ನು ನಡುಮಧ್ಯಕ್ಕೆ ಮಡಿಸಿ ಕಾಗದದ ಮೇಲಿಟ್ಟು ಕುತ್ತಿಗೆ, ಭುಜ, ಕಂಕುಳು ಗೆರೆ ಎಳೆಯಿರಿ. ಆಮೇಲೆ ಅಳತೆಯ ಜೊತೆ ತಾಳೆ ನೋಡಿ. ಎದೆ 50 ಸೆಂ.ಮೀ. ಇದ್ದರೆ, ಆಡಲು, ಕೈ ಎತ್ತಲು 8 ಸೆಂ.ಮೀ. ಲೂಸ್ ಸೇರಿಸಿ 58. ಮಡಿಸಿದ ಕಾಗದದಲ್ಲಿ ಕಾಲು ಭಾಗ, ಅಂದರೆ 14.5. ಅದಕ್ಕೆ ಪಕ್ಕದ ಮಾರ್ಜಿನ್ 2 ಸೇರಿಸಿ 16.5. ಮಾರ್ಜಿನ್ ಎಂದರೆ ಹೊಲಿಗೆಯ ಗೆರೆಯಿಂದ ಆಚೆ ಬಿಡುವ ಬಟ್ಟೆ. ಕುತ್ತಿಗೆ, ಕಂಕುಳು, ಭುಜ, ಸೊಂಟಕ್ಕೆ 1 ಸೆಂ.ಮೀ. ಸಾಕು.

ಹೊಸಬರು ಹೆಚ್ಚು ಎಡವುವುದು ಕುತ್ತಿಗೆಯಲ್ಲಿ. ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಒಂದು ವರ್ಷದ ಹೊತ್ತಿಗೆ ತಲೆ ಸುತ್ತಳತೆಯೂ ಎದೆ ಸುತ್ತಳತೆಯೂ ಹೆಚ್ಚುಕಡಿಮೆ ಒಂದೇ ಇರುತ್ತವೆ. ಕುತ್ತಿಗೆಗೆ ಚೆಂದ ಕಾಣುವ ಚಿಕ್ಕ ಗುಂಡು ಕತ್ತರಿಸಿದರೆ ಫ್ರಾಕು ತಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬೆನ್ನಿನಲ್ಲಿ ತೆರೆಯುವಂತೆ ಮಾಡೋಣ. ಇದನ್ನೇ ಮುಂದೆ ಬೆನ್ನಿನ ತೆರೆ ಅನ್ನುತ್ತೇನೆ. ಬೆನ್ನಿನ ಎರಡು ತುಂಡಿಗೂ ನಡುಗೆರೆಯಿಂದ ಆಚೆ 3 ಸೆಂ.ಮೀ. ಸೇರಿಸಿ. ಅದರಲ್ಲಿ 2 ಒಂದರ ಮೇಲೊಂದು ಕೂರಲು, 1 ಮಾರ್ಜಿನ್.

4. ಕತ್ತರಿಸುವುದು

ಬಟ್ಟೆಯ ಗಟ್ಟಿ ಅಂಚಿಗೆ ಸಮನಾಗಿ ಓಡುವುದು ನೇರ ಎಳೆ. ಫ್ರಾಕಿನ ಉದ್ದ ಈ ಎಳೆಯ ಗುಂಟವೇ ಬರಬೇಕು. ಬಟ್ಟೆ ಉಳಿಸಲೆಂದು ತುಂಡುಗಳನ್ನು ಓರೆಯಾಗಿ ಇಟ್ಟರೆ, ಎರಡು ಒಗೆತದಲ್ಲಿ ಫ್ರಾಕು ಒಂದು ಕಡೆಗೆ ಸೊಟ್ಟಗಾಗುತ್ತದೆ. ಫ್ರಾಕಿನ ಮೇಲ್ಭಾಗವನ್ನು ಎರಡೆರಡು ಕತ್ತರಿಸಿ, ಒಂದು ಹೊರಗೆ, ಒಂದು ಲೈನಿಂಗ್‌ಗೆ. ಲಂಗದ ಭಾಗಕ್ಕೆ ಬಟ್ಟೆಯ ಪೂರ್ತಿ ಅಗಲ ತೆಗೆದುಕೊಳ್ಳಿ. ಉದ್ದ, ಸೊಂಟದಿಂದ ಮಂಡಿಯವರೆಗಿನ ಅಳತೆಗೆ ಮೇಲೆ 1, ಕೆಳಗೆ 8 ಸೇರಿಸಿ.

ಪ್ರಾರ್ಥನೆ ಮಾಡುತ್ತಾ ಹೊಲಿಯುತ್ತೇನೆ ಅನ್ನುವವರಿಗೆ ಇಲ್ಲೊಂದು ಮಾತು. ಕತ್ತರಿಸುವಾಗ ಬೇಡ. ಅಳತೆ, ಕತ್ತರಿ, ಬೆನ್ನಿನ ತೆರೆ, ಈ ಮೂರಕ್ಕೂ ಪೂರ್ತಿ ಗಮನ ಬೇಕು. ನೆರಿಗೆ ಕೂರಿಸುವುದು, ಹೆಮ್ಮಿಂಗ್ ಅಂದರೆ ಕೈಯಲ್ಲಿ ಅಂಚು ಹೊಲಿಯುವುದು, ದಾರದ ತುದಿ ಕತ್ತರಿಸುವುದು, ಇವೆಲ್ಲ ಕೈಗೆ ತಾನಾಗಿ ಬರುವ ಕೆಲಸ. ಮನಸ್ಸು ಆಗ ಖಾಲಿ ಇರುತ್ತದೆ. ಆ ಮಗುವಿನ ಹೆಸರು ಹಿಡಿದು ಪ್ರಾರ್ಥಿಸಲು ಅದೇ ಒಳ್ಳೆಯ ಹೊತ್ತು.

5. ಫ್ರಾಕು ಹೊಲಿಯುವುದು

ಮೊದಲು ಚೂರು ಬಟ್ಟೆಯಲ್ಲಿ ಹೊಲಿದು ನೋಡಿ. ಹೊಲಿಗೆಯ ಉದ್ದ 2.5 ಮಿ.ಮೀ. ಇರಲಿ. ಬಟ್ಟೆಯ ಕೆಳಗೆ ದಾರ ಗೋಜಲಾದರೆ ಎಲ್ಲರೂ ಬಾಬಿನ್ ಅನ್ನು, ಅಂದರೆ ಕೆಳಗಿನ ದಾರದ ಸುರುಳಿಯನ್ನು, ಬೈಯುತ್ತಾರೆ. ತಪ್ಪು ಹೆಚ್ಚಿನ ಸಲ ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಎತ್ತಿ, ಮೇಲಿನ ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ. ಫೂಟ್ ಇಳಿಸಿಕೊಂಡು ಪೋಣಿಸಿದರೆ ದಾರ ಬಿಗಿ ಮಾಡುವ ತಟ್ಟೆಗಳ ನಡುವೆ ಕೂರುವುದೇ ಇಲ್ಲ.

ಈಗ ಕ್ರಮ ನೋಡಿ. ಹೊರಬಟ್ಟೆಯ ಮುಂಭಾಗಕ್ಕೂ ಬೆನ್ನಿಗೂ ಭುಜ ಜೋಡಿಸಿ. ಲೈನಿಂಗ್‌ಗೂ ಹಾಗೇ. ಎರಡನ್ನೂ ಒಳ್ಳೆಯ ಮುಖಗಳು ಎದುರುಬದುರಾಗುವಂತೆ ಇಟ್ಟು ಬೆನ್ನಿನ ತೆರೆ, ಕುತ್ತಿಗೆ, ಎರಡೂ ಕಂಕುಳು ಹೊಲಿಯಿರಿ. ಪಕ್ಕದ ಹೊಲಿಗೆಗಳನ್ನು ಈಗ ಮುಟ್ಟಬೇಡಿ, ಸೊಂಟದ ಅಂಚನ್ನೂ ತೆರೆದೇ ಬಿಡಿ. ಗುಂಡಾಗಿ ತಿರುಗುವ ಕಡೆ ಮಾರ್ಜಿನ್‌ಗೆ ಒಂದೊಂದು ಸೆಂ.ಮೀ.ಗೆ ಕತ್ತರಿಯಿಂದ ಚಿಕ್ಕ ಕಚ್ಚು ಹಾಕಿ, ಹೊಲಿಗೆಗೆ ಎರಡು ಮಿ.ಮೀ. ಮುಂಚೆ ನಿಲ್ಲಿಸಿ. ಕಚ್ಚು ಹಾಕದಿದ್ದರೆ ತಿರುಗಿಸಿದಾಗ ಕುತ್ತಿಗೆ ಮುದುರುತ್ತದೆ. ಆಮೇಲೆ ಬೆನ್ನಿನ ಒಂದೊಂದು ತುಂಡನ್ನು ಭುಜದ ಸಂದಿಯೊಳಗಿಂದ ಮುಂದಕ್ಕೆ ಎಳೆದುಕೊಳ್ಳಿ. ಮೊದಲ ಸಲ ಇದು ಆಗದ ಕೆಲಸ ಅನ್ನಿಸುತ್ತದೆ. ಎಳೆದ ಮೇಲೆ ಎಲ್ಲ ಅಂಚೂ ಒಳಗೆ ಮುಚ್ಚಿಹೋಗಿರುತ್ತದೆ. ಮಗುವಿನ ಚರ್ಮಕ್ಕೆ ತಾಗುವ ಕಡೆ ಒಂದು ಎಳೆ ದಾರವೂ ಕಾಣುವುದಿಲ್ಲ.

ಪಕ್ಕದ ಹೊಲಿಗೆಯನ್ನು ಹೊರಬಟ್ಟೆಯ ಸೊಂಟದಿಂದ ಶುರು ಮಾಡಿ, ಕಂಕುಳು ದಾಟಿ, ಲೈನಿಂಗ್‌ನ ಸೊಂಟದವರೆಗೆ ಒಂದೇ ಗೆರೆಯಲ್ಲಿ ಹೊಲಿಯಿರಿ. ಆ 2 ಸೆಂ.ಮೀ. ಮಾರ್ಜಿನ್ ಕತ್ತರಿಸಿ ಎಸೆಯಬೇಡಿ, ಮುಂದೆ ಬಿಚ್ಚಿ ಅಗಲ ಮಾಡಲು ಬೇಕು. ಕಂಕುಳ ಬುಡದಲ್ಲಿ ಮಾತ್ರ ಅದಕ್ಕೊಂದು ಕಚ್ಚು ಹಾಕಿ.

ಲಂಗಕ್ಕೆ ನೆರಿಗೆ. ಮೇಲಂಚಿನಲ್ಲಿ ಉದ್ದ ಹೊಲಿಗೆಯ ಎರಡು ಸಾಲು ಹಾಕಿ, ಒಂದು ಅಂಚಿನಿಂದ ಅರ್ಧ ಸೆಂ.ಮೀ.ಗೆ, ಇನ್ನೊಂದು ಒಂದೂವರೆಗೆ. ಕೆಳಗಿನ ದಾರ ಎರಡನ್ನೂ ಒಟ್ಟಿಗೆ ಎಳೆಯಿರಿ. ಲಂಗವನ್ನೂ ಸೊಂಟವನ್ನೂ ಮೊದಲೇ ನಾಲ್ಕು ಭಾಗ ಗುರುತಿಸಿಕೊಂಡಿದ್ದರೆ ನೆರಿಗೆ ಒಂದೇ ಕಡೆ ಗುಂಪಾಗುವುದಿಲ್ಲ. ಎರಡು ಸಾಲಿನ ನಡುವೆ ಹೊಲಿದು ಹೊರಬಟ್ಟೆಯ ಸೊಂಟಕ್ಕೆ ಜೋಡಿಸಿ, ಆಮೇಲೆ ಕೆಳಗಿನ ಉದ್ದ ಹೊಲಿಗೆ ಕಿತ್ತುಬಿಡಿ. ಲಂಗದ ಹಿಂದಿನ ಹೊಲಿಗೆಯನ್ನು ಮೇಲಿನಿಂದ 10 ಸೆಂ.ಮೀ. ತೆರೆದಿಡಿ, ಇಲ್ಲದಿದ್ದರೆ ಬೆನ್ನು ತೆರೆದೂ ಉಪಯೋಗವಿಲ್ಲ. ಲೈನಿಂಗ್‌ನ ಕೆಳ ಅಂಚು ಒಳಕ್ಕೆ ಮಡಿಸಿ ಕೈಯಲ್ಲಿ ಹೊಲಿಯುವುದನ್ನು ಈಗಲೇ ಮುಗಿಸಬೇಡಿ. 7ನೇ ಹಂತ ಓದಿ ಆಮೇಲೆ.

ಕೆಳಗಿನ 8 ಸೆಂ.ಮೀ.ಗೆ ಎರಡು ಮಡಿಕೆ ಹಾಕಿ ಕೈ ಹೆಮ್ಮಿಂಗ್ ಮಾಡಿ. ಮಿಷಿನ್ ಹೊಲಿಗೆ ಬಿಚ್ಚಿದರೆ ಗುರುತು ಉಳಿಯುತ್ತದೆ.

ನಡುವೆ ಬೇಸರ ಬರುತ್ತದೆ. ಒಂದೇ ಹೊಲಿಗೆಯನ್ನು ಎರಡನೇ ಸಲ ಬಿಚ್ಚುವ ಹೊತ್ತಿಗೆ "ನನಗೆ ಇದೆಲ್ಲ ಬರಲ್ಲ" ಅನ್ನಿಸುತ್ತದೆ. ಆಗ ಎದ್ದುಬಿಡಿ. ಸುಸ್ತಾದ ಕೈ ಮೂರನೇ ಸಲವೂ ತಪ್ಪಾಗಿಯೇ ಹೊಲಿಯುತ್ತದೆ. ಮಿಷಿನ್ ಎದುರಿನ ಗೋಡೆಗೆ ನಿಮಗೆ ಬಲ ಕೊಡುವ ಒಂದು ಮಾತು ಬರೆದು ಅಂಟಿಸಿ. ಬೈಬಲಿನ ಕೀರ್ತನೆ 90 ಮುಗಿಯುವುದು ನಮ್ಮ ಕೈಕೆಲಸವನ್ನು ಸ್ಥಿರಪಡಿಸು ಎಂಬ ಬೇಡಿಕೆಯೊಂದಿಗೆ. ನನ್ನ ಗೋಡೆಯ ಮೇಲೆ ಅದಿದೆ. ಹಾಗಂತ ಹೊಲಿಗೆ ಕೆಟ್ಟರೆ ನಂಬಿಕೆ ಕಡಿಮೆಯಾಯಿತು ಅಂತ ಲೆಕ್ಕ ಹಾಕಬೇಡಿ. ಸೂಜಿ ಹಳೆಯದಾಗಿರಬಹುದು, ಬದಲಿಸಿ ನೋಡಿ.

6. ಬಿಸಿಲು ಟೋಪಿ: ಲೆಕ್ಕ ಸರಿಯಾದರೆ ಅರ್ಧ ಕೆಲಸ ಮುಗಿಯಿತು

ಟೋಪಿಗೆ ಮೂರು ಭಾಗ: ನೆತ್ತಿಯ ಗುಂಡು, ಸುತ್ತಿನ ಪಟ್ಟಿ, ಕೆಳಕ್ಕೆ ಇಳಿಯುವ ಅಂಚು. ತಲೆ 48, ಲೂಸ್ 2, ಒಟ್ಟು 50 ಸೆಂ.ಮೀ.

ನೆತ್ತಿ: 50ನ್ನು 6.28ರಿಂದ ಭಾಗಿಸಿ. ಸುಮಾರು 8 ಬರುತ್ತದೆ. ಅದು ತ್ರಿಜ್ಯ, ಅಂದರೆ ಗುಂಡಿನ ನಡುಬಿಂದುವಿನಿಂದ ಅಂಚಿನವರೆಗಿನ ದೂರ. ಮಾರ್ಜಿನ್ ಸೇರಿ 9 ಸೆಂ.ಮೀ. ತ್ರಿಜ್ಯದ ಗುಂಡು ಕತ್ತರಿಸಿ.

ಪಟ್ಟಿ: ಉದ್ದ 52, ಎತ್ತರ 10. ಮಾರ್ಜಿನ್ ಇದರಲ್ಲೇ ಸೇರಿದೆ.

ಅಂಚು: ಪೂರ್ತಿ ಗುಂಡಾಗಿ ಕತ್ತರಿಸಿದರೆ ಅದು ತಟ್ಟೆಯ ಹಾಗೆ ಅಡ್ಡಲಾಗಿ ನಿಲ್ಲುತ್ತದೆ, ಕಿವಿಗೆ ನೆರಳು ಬೀಳುವುದಿಲ್ಲ. ಮುಕ್ಕಾಲು ಗುಂಡು ಕತ್ತರಿಸಿ ತುದಿಗಳನ್ನು ಜೋಡಿಸಿದರೆ ಚೆನ್ನಾಗಿ ಕೆಳಗಿಳಿಯುತ್ತದೆ. 50ನ್ನು 4.71ರಿಂದ ಭಾಗಿಸಿದರೆ 10.6. ಇದು ಹೊಲಿಗೆಯ ಗೆರೆ. ಒಳಗೆ 9.6ಕ್ಕೆ ಒಂದು ಕಮಾನು, ಅಂಚು 6 ಸೆಂ.ಮೀ. ಅಗಲ ಬೇಕಿದ್ದರೆ ಹೊರಗೆ 17.6ಕ್ಕೆ ಇನ್ನೊಂದು ಕಮಾನು. ಎರಡು ತುದಿಗೂ 1 ಸೆಂ.ಮೀ. ಮಾರ್ಜಿನ್. ಹೊರಬಟ್ಟೆಯಲ್ಲಿ ಇಂಥವು ಎರಡು ಕತ್ತರಿಸಿ, ಒಂದಕ್ಕೆ ಕ್ಯಾನ್ವಾಸ್ ಅಂಟಿಸಿ. ನೆತ್ತಿ, ಪಟ್ಟಿಗಳನ್ನು ಲೈನಿಂಗ್ ಬಟ್ಟೆಯಲ್ಲೂ ಒಂದೊಂದು ಕತ್ತರಿಸಿ.

ಪಟ್ಟಿಯ ತುದಿ ಸೇರಿಸಿ ಬಳೆ ಮಾಡಿ. ಅದರ ಮೇಲಂಚಿಗೆ ಸುತ್ತಲೂ ಕಚ್ಚು ಹಾಕಿ, ಆಗ ನೇರ ಪಟ್ಟಿ ಗುಂಡಿಗೆ ಬಾಗುತ್ತದೆ. ನಾಲ್ಕು ಭಾಗ ಗುರುತಿಸಿ, ಪಿನ್ನು ಹಾಕಿ, ಪಟ್ಟಿಯನ್ನು ಮೇಲಿಟ್ಟುಕೊಂಡು ನಿಧಾನ ಹೊಲಿಯಿರಿ. ಲೈನಿಂಗ್‌ಗೂ ಇದೇ.

ಅಂಚಿನ ತುಂಡುಗಳ ತುದಿ ಜೋಡಿಸಿ, ಒಳ್ಳೆಯ ಮುಖ ಎದುರಾಗಿಟ್ಟು ಹೊರ ಕಮಾನು ಹೊಲಿದು, ಮಾರ್ಜಿನ್ ಅರ್ಧಕ್ಕೆ ಕತ್ತರಿಸಿ, ತಿರುಗಿಸಿ ಇಸ್ತ್ರಿ ಮಾಡಿ. ಮೇಲೆ ಒಂದೊಂದು ಸೆಂ.ಮೀ.ಗೆ ಸುತ್ತು ಹೊಲಿಗೆ ಹಾಕಿದರೆ ಒಗೆದರೂ ಮುದುಡುವುದಿಲ್ಲ. ಒಳ ಕಮಾನಿಗೆ ಕಚ್ಚು ಹಾಕಿ ಹೊರ ಟೋಪಿಯ ಕೆಳ ಅಂಚಿಗೆ ಜೋಡಿಸಿ. ಕೊನೆಗೆ ಲೈನಿಂಗ್ ಒಳಗಿಟ್ಟು, ಅಂಚು ಮಡಿಸಿ ಕೈಯಲ್ಲಿ ಹೊಲಿಯುವುದು. ಅದಕ್ಕೂ ಮುಂಚೆ ಇನ್ನೊಂದು ಕೆಲಸವಿದೆ.

7. ಒಳಗೆ ಇಡುವ ಮಾತು

ನನ್ನ ಅಭಿಪ್ರಾಯದಲ್ಲಿ ಇದು ಎದೆಯ ಮೇಲೆ ದೊಡ್ಡದಾಗಿ ಕಾಣಬಾರದು. ಮಗು ನಮ್ಮ ನಂಬಿಕೆಯ ಬೋರ್ಡ್ ಅಲ್ಲ. ಲೈನಿಂಗ್‌ನ ಒಳಮುಖದಲ್ಲಿ, ಟೋಪಿಯ ನೆತ್ತಿಯಲ್ಲಿ, ಹಾಕಿಸುವವರಿಗೆ ಮಾತ್ರ ಕಾಣುವ ಕಡೆ ಇರಲಿ. ದಿನಾ ಟೋಪಿ ಹಾಕಿಸುವ ತಾಯಿಯೇ ಅದನ್ನು ಮೊದಲು ಓದುವವಳು. ಹಲವು ಸಲ ಆ ಮಾತು ಮಗುವಿಗಿಂತ ಅವಳಿಗೇ ಜಾಸ್ತಿ ಬೇಕಾಗಿರುತ್ತದೆ.

ಮೆತ್ತನೆಯ ಬಟ್ಟೆಯ 5 ಸೆಂ.ಮೀ. ಚೌಕ ತೆಗೆದುಕೊಳ್ಳಿ. ಒಗೆದರೂ ಹೋಗದ ಬಟ್ಟೆ ಪೆನ್ನಿನಲ್ಲಿ ಬರೆಯಬಹುದು. ಮೊದಲು ಚೂರಿನ ಮೇಲೆ ಬರೆದು ಒಗೆದು ನೋಡಿ. ಕಸೂತಿ ಮಾಡುವುದಾದರೆ ಹಿಂದಿನ ಗಂಟುಗಳು ಚರ್ಮಕ್ಕೆ ತಾಗದಂತೆ ಲೈನಿಂಗ್ ಮುಚ್ಚುವ ಮುಂಚೆಯೇ ಮುಗಿಸಿ.

ಮಾತು ಚಿಕ್ಕದಿರಲಿ, ಮಗುವಿನ ಹೆಸರು ಇರಲಿ, ಷರತ್ತು ಬೇಡ. "ಒಳ್ಳೆಯ ಮಗುವಾದರೆ ದೇವರು ಮೆಚ್ಚುತ್ತಾನೆ" ಅನ್ನುವುದಕ್ಕಿಂತ "ದೇವರು ನಿನ್ನ ಜೊತೆಗಿದ್ದಾನೆ, ಪುಟ್ಟಾ" ಅನ್ನುವುದು ಸಾವಿರ ಪಾಲು ಮೇಲು. ಕಾಯಿಲೆಯ ಮಗುವಿಗಾದರೆ "ಬೇಗ ವಾಸಿಯಾಗುತ್ತದೆ" ಅಂತ ಬರೆಯಬೇಡಿ. ಅದು ನಮ್ಮ ಕೈಯಲ್ಲಿಲ್ಲ. "ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ" ಅನ್ನುವುದು ನಮ್ಮ ಕೈಯಲ್ಲಿದೆ. ಬೇರೆ ನಂಬಿಕೆಯ ಮನೆಗೆ ಕೊಡುವುದಾದರೆ ತಂದೆತಾಯಿಯನ್ನು ಕೇಳಿ. ಬೇಡ ಅಂದರೆ ಬರೀ ಹೆಸರು ಹೊಲಿಯಿರಿ. ಪ್ರಾರ್ಥನೆ ನೀವು ಹೆಮ್ಮಿಂಗ್ ಮಾಡುವಾಗಲೇ ಆಗಿಹೋಗಿದೆ.

ಬರೆಯಲು ಏನೂ ತೋಚದಿದ್ದರೆ ಸುಮ್ನೆ ಬಿಡಿ. ಬೈಬಲಿನಲ್ಲಿ ಯೊಪ್ಪ ಊರಿನ ತಬಿಥಾ ತೀರಿಕೊಂಡಾಗ ವಿಧವೆಯರು ಅಳುತ್ತಾ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದ್ದು ಅವಳು ಮಾಡಿಕೊಟ್ಟಿದ್ದ ಅಂಗಿಗಳನ್ನು. ಅವಳು ಆಡಿದ ಒಂದು ಮಾತೂ ಆ ಕಥೆಯಲ್ಲಿಲ್ಲ.

ಚೌಕದ ನಾಲ್ಕೂ ಕಡೆ ಅಂಚು ಮಡಿಸಿ ಲೈನಿಂಗ್‌ಗೆ ಹೊಲಿಯಿರಿ. ಈಗ ಫ್ರಾಕಿನ ಸೊಂಟವನ್ನೂ ಟೋಪಿಯ ಲೈನಿಂಗನ್ನೂ ಮುಚ್ಚಬಹುದು.

8. ಕೊಡುವ ಮುಂಚೆ ಪರೀಕ್ಷೆ

ಇದನ್ನು ಮಾತ್ರ ಬಿಡಲೇಬೇಡಿ.

ಕುತ್ತಿಗೆಯಲ್ಲಿ, ಟೋಪಿಯಲ್ಲಿ ಎಳೆದು ಕಟ್ಟುವ ದಾರ, ಲಾಡಿ ಬೇಡ. ಜಾರುಬಂಡೆಯಲ್ಲಿ, ಬಾಗಿಲ ಸಂದಿಯಲ್ಲಿ ಅದು ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಯುರೋಪಿನ ಇಎನ್ 14682 ಎಂಬ ಮಾನದಂಡ ಏಳು ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ಕುತ್ತಿಗೆ, ತಲೆಯ ಭಾಗದಲ್ಲಿ ಇಂಥ ದಾರಗಳನ್ನು ಬಿಡುವುದಿಲ್ಲ. ಗಾಳಿಗೆ ಟೋಪಿ ಹಾರದಿರಲು ಗಲ್ಲದ ಕೆಳಗೆ ಪಟ್ಟಿ ಬೇಕೇಬೇಕಾದರೆ, ಎಳೆದ ಕೂಡಲೇ ಬಿಟ್ಟುಕೊಳ್ಳುವ ಚಿಕ್ಕ ವೆಲ್ಕ್ರೋ ಪಟ್ಟಿ ಹಾಕಿ.

ಮೂರು ವರ್ಷದೊಳಗಿನವರಿಗೆ ಗುಂಡಿ, ಮಣಿ, ಮುತ್ತು ಬೇಡ. ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಬೆನ್ನಿನ ತೆರೆಗೂ ಮೆತ್ತನೆಯ ವೆಲ್ಕ್ರೋ ಸಾಕು, ಅದರ ಗಡುಸು ಭಾಗ ಹೊರಮುಖವಾಗಿರಲಿ.

ಕೂಸು ಮಲಗುವಾಗ ಟೋಪಿ ತೆಗೆಯಬೇಕು ಅಂತ ತಾಯಿಗೆ ಹೇಳಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಹುಟ್ಟಿದ ಮೊದಲ ಕೆಲವು ಗಂಟೆ ಬಿಟ್ಟರೆ ಮನೆಯೊಳಗೆ ಮಲಗಿರುವ ಕೂಸಿಗೆ ಟೋಪಿ ಬೇಡ ಎನ್ನುತ್ತದೆ. ಮೈ ಬಿಸಿಯೇರುತ್ತದೆ, ಜಾರಿ ಮುಖ ಮುಚ್ಚಬಹುದು.

ಕೊನೆಗೆ ಬಟ್ಟೆಯ ಒಳಗೆಲ್ಲ ಬೆರಳಾಡಿಸಿ ನೋಡಿ. ಪಿನ್ನು ಎಷ್ಟು ಹಾಕಿದ್ದಿರೋ ಅಷ್ಟೂ ಡಬ್ಬಿಗೆ ಮರಳಿರಬೇಕು.

ಆಸ್ಪತ್ರೆಯ ಮಕ್ಕಳಿಗೆ ಹೊಲಿಯುವವರಿಗೆ

ಚಿಕಿತ್ಸೆಯಲ್ಲಿ ಕೂದಲು ಉದುರಿದ ಮಕ್ಕಳ ನೆತ್ತಿ ತುಂಬ ಸೂಕ್ಷ್ಮ. ಅವರಿಗೆ ಮೇಲಿನ ಟೋಪಿ ಸರಿಹೋಗುವುದಿಲ್ಲ. ಟೀ ಶರ್ಟಿನಂಥ ಹಿಗ್ಗುವ ಕಾಟನ್ ಹೊಸೈರಿ ಬಟ್ಟೆ ತೆಗೆದುಕೊಂಡು, ಹೊಲಿಗೆಯ ಮಾರ್ಜಿನ್ ಹೊರಗೆ ಬರುವಂತೆ ಹೊಲಿಯಿರಿ. ಅದಕ್ಕೆ ಬಾಲ್ ಪಾಯಿಂಟ್ ಸೂಜಿ ಬೇಕು, ಅದರ ತುದಿ ಮೊಂಡಾಗಿದ್ದು ಎಳೆ ಕತ್ತರಿಸುವುದಿಲ್ಲ. ಒಳಗೆ ಚೌಕ ಹೊಲಿಯಬೇಡಿ, ಮಾತನ್ನು ಬೇರೆ ಕಾಗದದಲ್ಲಿ ಬರೆದುಕೊಡಿ. ಹೊಲಿಯುವ ಮುಂಚೆಯೇ ವಾರ್ಡಿನ ನರ್ಸ್ ಹತ್ತಿರ ಯಾವ ಬಟ್ಟೆ, ಯಾವ ಅಳತೆ, ಹೇಗೆ ಒಗೆದು ಕೊಡಬೇಕು ಅಂತ ಕೇಳಿ. ಹತ್ತು ಟೋಪಿ ಹೊಲಿದು ತೆಗೆದುಕೊಂಡು ಹೋದ ಮೇಲೆ ಬೇಡ ಅನ್ನಿಸಿಕೊಳ್ಳುವುದು ಯಾರಿಗೂ ಇಷ್ಟವಲ್ಲ.

ಮನೆಗೆ ಕೊಡುವ ಫ್ರಾಕಿನ ಜೊತೆ ಒಂದು ಚೀಟಿ ಇಡಿ. ಕೆಳಗಿನ ಮಡಿಕೆಯನ್ನು ಎಲ್ಲಿ ಬಿಚ್ಚಬೇಕು, ಪಕ್ಕದಲ್ಲಿ ಎಷ್ಟು ಬಟ್ಟೆಯಿದೆ ಅಂತ ಅದರಲ್ಲಿ ಬರೆಯಿರಿ. ಅದೇ ಬಟ್ಟೆಯ ಅಂಗೈಯಗಲದ ಚೂರೊಂದನ್ನೂ ಪಿನ್ನು ಹಾಕದೆ, ದಾರದಲ್ಲಿ ಚೀಟಿಗೆ ಪೋಣಿಸಿ ಕೊಡಿ. ಮಂಡಿ ಹತ್ತಿರ ಹರಿದರೆ ತೇಪೆಗೆ ಬೇಕಾಗುತ್ತದೆ.